64 ಕೋರ್, ಲಾಕ್ ಮಾತ್ರ ಒಂದೇ: ಕರ್ನಲ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಲಿನಕ್ಸ್ ಕರ್ನಲ್‌ನ (ಓಎಸ್‌ನ ತಿರುಳು) ನೆಟ್‌ವರ್ಕ್ ಲಾಕ್, ಅಂದ್ರೆ ಒಂದು ಸಲಕ್ಕೆ ಒಂದೇ ಕೋರನ್ನ ಒಳಗೆ ಬಿಡೋ ಬೀಗ, ಅದರ ತೊಂದರೆ ಇದ್ದವರು ಕೇಳಿ. ಮೇಡಂ ಹತ್ತು ಗಂಟೆವರೆಗೆ ಇರ್ತಾರೆ.

ರಾತ್ರಿಪಾಳಿ: ಮೇಡಂ, 64 ಕೋರಿನ ಸರ್ವರ್. ಗಿರಾಕಿಗಳ ಸ್ಪೀಡ್ ಮಿತಿಗೆ ಎಚ್‌ಟಿಬಿ (ಯಾರಿಗೆ ಎಷ್ಟು ವೇಗ ಅಂತ ಹಂಚೋ ಕರ್ನಲ್ ಭಾಗ) ಹಾಕಿದ್ದೀನಿ. ನೆಟ್‌ವರ್ಕ್ ಕಾರ್ಡಿನ ಕ್ಯೂ 8ರಿಂದ 32 ಮಾಡಿದೆ, ವೇಗ ಏರಲಿಲ್ಲ. ಸಿಪಿಯು ಯಾವುದಕ್ಕೆ ಖರ್ಚಾಗ್ತಿದೆ ಅಂತ ತೋರಿಸೋ ಪರ್ಫ್ ಟಾಪ್‌ನಲ್ಲಿ ಮೊದಲ ಸಾಲೇ ‘ಕ್ಯೂಡ್ ಸ್ಪಿನ್ ಲಾಕ್ ಸ್ಲೋಪಾತ್’, ಅಂದ್ರೆ ಲಾಕ್‌ಗೆ ಕಾಯೋದು.

ಮೇಡಂ: ಎಚ್‌ಟಿಬಿಯನ್ನ ರೂಟ್‌ನಲ್ಲಿ, ಎಲ್ಲ ಕ್ಯೂಗಳಿಗೂ ಮೇಲೆ, ಕೂರಿಸಿದ್ದೀರಿ ಅನ್ಸುತ್ತೆ. ಹಾಗಿದ್ರೆ ಲಾಕ್ ಒಂದೇ. ಕಾರ್ಡಿಗೆ 32 ಬಾಗಿಲಿದ್ರೂ ಪ್ರತಿ ಪ್ಯಾಕೆಟ್ ಮೊದಲು ಒಂದೇ ಕೌಂಟರಲ್ಲಿ ಟೋಕನ್ ಲೆಕ್ಕ ಕೊಡಬೇಕು. ಕಾಯೋ ಕೋರ್ ಸುಮ್ಮನೆ ನಿಲ್ಲಲ್ಲ, ಗಿರಗಿರ ಸುತ್ತುತ್ತಾ ಸಿಪಿಯು ತಿನ್ನುತ್ತೆ. ಲಾಕ್ ಇರೋ ಕ್ಯಾಶ್ ಲೈನ್ (ಸಿಪಿಯು ಪಕ್ಕದ ಮೆಮೊರಿಯ ತುಣುಕು) ಕೋರಿಂದ ಕೋರಿಗೆ ಅಲೆಯುತ್ತೆ. ಎರಡು ಸಿಪಿಯು ಸಾಕೆಟ್ ಇದ್ರಂತೂ ಕೇಳೋದೇ ಬೇಡ. ಪರ್ಫ್ ರೆಕಾರ್ಡ್‌ಗೆ ‘ಮೈನಸ್ ಜಿ’ ಹಾಕಿ, ಆ ಸಾಲನ್ನ ಕರೆದದ್ದು ಯಾರು ನೋಡಿ. ‘ಡೆವ್ ಕ್ಯೂ ಎಕ್ಸ್‌ಮಿಟ್’ (ಪ್ಯಾಕೆಟ್ ಹೊರಗೆ ಕಳಿಸೋ ಫಂಕ್ಷನ್) ಬಂದ್ರೆ ರೂಟ್‌ಗೆ ಎಂಕ್ಯೂ (ಪ್ರತಿ ಕ್ಯೂಗೂ ಬೇರೆ ಲಾಕ್), ಪ್ರತಿ ಕ್ಯೂಗೂ ಎಫ್‌ಕ್ಯೂ (ಪ್ಯಾಕೆಟ್ಟನ್ನ ಸಮಯ ನೋಡಿ ಬಿಡೋದು) ಹಾಕಿ. ಇಬಿಪಿಎಫ್‌ನಲ್ಲಿ (ಕರ್ನಲ್ ಒಳಗೆ ಓಡೋ ನಮ್ಮ ಪುಟ್ಟ ಪ್ರೋಗ್ರಾಂ) ಪ್ಯಾಕೆಟ್ ಮೇಲೆ ಹೊರಡೋ ಸಮಯ ಬರೆದ್ರೆ ಎಫ್‌ಕ್ಯೂ ಆ ಹೊತ್ತಿಗೇ ಬಿಡುತ್ತೆ. ಒಂದು ಕೊರತೆ: ಎಚ್‌ಟಿಬಿ ಥರ ಒಬ್ಬರ ಉಳಿದ ಪಾಲನ್ನ ಇನ್ನೊಬ್ಬರು ಸಾಲ ತಗೊಳ್ಳೋಕಾಗಲ್ಲ.

ಹೊಸಬ: ಸರ್, ಕ್ಯೂ ಹೆಚ್ಚಿಸಿದ್ರೆ ಲಾಕ್ ಕಾಟ ತಪ್ಪುತ್ತಾ?

ಮೇಡಂ: ಮೇಲೆ ಓದಿ. ಸರ್ ಅಲ್ಲ.

ಗೆಳೆಯರಬಳಗ: *ಫಾರ್ವರ್ಡ್ ಆಗಿ ಬಂದದ್ದು* ಈ 20 ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್) ಸಾಲು ಅಂಟಿಸಿ, ಸರ್ವರ್ ರಾಕೆಟ್ ಆಗುತ್ತೆ 🚀

ಮೇಡಂ: ಯಾರೂ ಅಂಟಿಸಬೇಡಿ. ಅದರಲ್ಲಿರೋ ‘ಟಿಡಬ್ಲ್ಯು ರೀಸೈಕಲ್’ (ಮುಗಿದ ಕನೆಕ್ಷನ್‌ಗಳನ್ನ ಬೇಗ ತೆರವು ಮಾಡೋ ಸೆಟ್ಟಿಂಗ್) 2017ರಲ್ಲೇ, ಕರ್ನಲ್ 4.12ರಲ್ಲಿ, ಕಿತ್ತುಹೋಯ್ತು. ಹಳೇ ಕರ್ನಲ್‌ನಲ್ಲಿ ಹಾಕಿದ್ರೆ ನ್ಯಾಟ್ ಹಿಂದಿರೋರ (ಒಂದೇ ಐಪಿ ಹಂಚಿಕೊಂಡವರ) ಕನೆಕ್ಷನ್ನೇ ಕೂರಲ್ಲ. ಲಾಕ್‌ಗೂ ಅದಕ್ಕೂ ಏನ್ರೀ ಸಂಬಂಧ?

ಕಲಿಯುವವ: ಎಲ್ಲ ವರ್ಕರೂ ಒಂದೇ ಪೋರ್ಟ್ ಕೇಳ್ತಿವೆ. ರಿಯೂಸ್‌ಪೋರ್ಟ್ (ಒಂದೇ ಪೋರ್ಟಲ್ಲಿ ಪ್ರತಿ ವರ್ಕರಿಗೂ ಬೇರೆ ಸಾಲು) ಹಾಕ್ಲಾ?

ಹಳೇಹುಲಿ: ಕರ್ನಲ್ ಬಿಟ್ಟು ನೇರ ಕಾರ್ಡ್ ಜೊತೆ ಮಾತಾಡೋ ಡಿಪಿಡಿಕೆ ಹಾಕಿ, ಕರ್ನಲ್ ಸಹವಾಸವೇ ಬೇಡ.

ಮಲ್ನಾಡಿಗ: ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ? ಟಿಸಿಪಿ, ಫೈರ್‌ವಾಲ್ ಎಲ್ಲ ನೀವು ಬರ್ಕೊಡ್ತೀರಾ?

ಹಳೇಹುಲಿ: ಬರ್ದಿದ್ದೀನಿ ಗುರು. ನೀನೇನು ಬರ್ದಿದ್ದೀಯ, ಮೀಮ್ ಬಿಟ್ಟು?

ಮಲ್ನಾಡಿಗ: ಬರ್ದು ಪಟ್ಟ ಪಾಡು ಹೋದ ವರ್ಷ ಇಲ್ಲೇ ಹೇಳ್ಕೊಂಡು ಅತ್ತಿದ್ರಲ್ಲ ಸ್ವಾಮಿ.

ಅಡ್ಮಿನ್: ಇಬ್ಬರೂ ಸಾಕು.

ಹೊಸಬ: ಮೇಡಂ, ಹಾಗಾದ್ರೆ ಕ್ಯೂ ಕಮ್ಮಿ ಮಾಡ್ಲಾ?

ರಾತ್ರಿಪಾಳಿ: ಮೇಡಂ, ಡೆವ್ ಕ್ಯೂ ಎಕ್ಸ್‌ಮಿಟ್ಟೇ ಬಂತು. ಆದ್ರೆ ಸಾಲದ ವ್ಯವಸ್ಥೆ ಬೇಕೇ ಬೇಕಂತೆ.

ಮೇಡಂ: ಹಾಗಾದ್ರೆ ಎಚ್‌ಟಿಬಿ ಇರಲಿ. ಟಿಎಸ್‌ಒ, ಜಿಎಸ್‌ಒ (ದೊಡ್ಡ ಗಂಟನ್ನ ಕೊನೆಗೆ ಪ್ಯಾಕೆಟ್‌ಗಳಾಗಿ ಒಡೆಯೋ ಸೌಲಭ್ಯ) ಆನ್ ಇದೆಯಾ?

ರಾತ್ರಿಪಾಳಿ: ಇಲ್ಲ… ಒಂದು ಫಾರ್ವರ್ಡ್ ನೋಡಿ ಆಫ್ ಮಾಡಿದ್ದೆ.

ಮೇಡಂ: ಅಯ್ಯೋ ಮಾರಾಯ್ರೇ. ಆನ್ ಮಾಡಿ. 64 ಕೆಬಿವರೆಗಿನ ಗಂಟು ಒಂದೇ ಸಲ ಲಾಕ್ ದಾಟುತ್ತೆ. ಈಗ ಒಂದೂವರೆ ಕೆಬಿಗೊಮ್ಮೆ ಬಡಿದಾಡ್ತಿದೆ. ಹತ್ತಾಯ್ತು, ಹೊರಟೆ.