ರಾಜ್ಯೋತ್ಸವ ಭಾಷಣ: ಸಲಹೆ ಕೊಡಿ ದಯವಿಟ್ಟು

ಎಲ್ಲರಿಗೂ ನಮಸ್ಕಾರ. ನವೆಂಬರ್ 1ಕ್ಕೆ ನಮ್ಮೂರ ಪ್ರೌಢಶಾಲೆಯಲ್ಲಿ ಮಾತಾಡೋಕೆ ಕರೆದಿದ್ದಾರೆ. ಧ್ವಜಾರೋಹಣ ಆದ ಮೇಲೆ ಹತ್ತು ನಿಮಿಷ. ಮುಂದೆ ಬಿಸಿಲಲ್ಲಿ ಕೂತ ಮಕ್ಕಳು, ಹಿಂದೆ ಕುರ್ಚಿಯಲ್ಲಿ ಊರ ಹಿರಿಯರು.

1956ರಲ್ಲಿ ಏಕೀಕರಣ, 1973ರಲ್ಲಿ ಕರ್ನಾಟಕ ಅಂತ ಹೆಸರು, ಆಲೂರು ವೆಂಕಟರಾಯರ ಸ್ಮರಣೆ. ಇದಿಷ್ಟನ್ನೂ ಮಕ್ಕಳು ಪ್ರತಿ ವರ್ಷ ಕೇಳ್ತಾರೆ. ಅದಕ್ಕೇ ಒಂದೇ ಘಟನೆ ಹಿಡಿದು ಹೊರಡೋಣ ಅಂದುಕೊಂಡಿದ್ದೇನೆ: 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರು, ಅವರ ಎದುರು ಹಾಡಿದ್ದು ಇನ್ನೂ ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್. ನನ್ನ ಮುಂದೆ ಕೂರುವ ಮಕ್ಕಳದ್ದೂ ಹೆಚ್ಚುಕಮ್ಮಿ ಅದೇ ವಯಸ್ಸು. ಅಲ್ಲಿಂದ ಶುರು ಮಾಡಿ, ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸು, ಕೊಡಗು ಅಂತ ಹಂಚಿಹೋಗಿದ್ದ ಕನ್ನಡಿಗರು ಒಂದಾದದ್ದಕ್ಕೆ ಬರಬೇಕು. ಈ ಜಿಗಿತವೇ ನನಗೆ ಕೂಡಿಬರ್ತಿಲ್ಲ. ನಡುವಿನ ಮೂವತ್ತೆರಡು ವರ್ಷವನ್ನು ಎರಡು ಮಾತಲ್ಲಿ ದಾಟಿಸೋದು ಹೇಗೆ?

ಇನ್ನೊಂದು, "ವೇದಿಕೆ ಮೇಲೆ ಆಸೀನರಾಗಿರುವ" ಅಂತ ಒಬ್ಬೊಬ್ಬರ ಹೆಸರು ಹೇಳಿದರೆ ಎರಡು ನಿಮಿಷ ಅಲ್ಲೇ ಹೋಗುತ್ತೆ. ಎಲ್ಲರಿಗೂ ಒಟ್ಟಿಗೆ ವಂದಿಸಿದರೆ ಹಿರಿಯರು ಬೇಜಾರು ಮಾಡಿಕೊಳ್ತಾರಾ? ಪೂರ್ತಿ ಬರೆದು ಬಾಯಿಪಾಠ ಮಾಡಲೋ, ಚೀಟಿಯಲ್ಲಿ ನಾಲ್ಕು ಪದ ಗುರುತು ಹಾಕಿಕೊಂಡು ನಮ್ಮೂರ ಆಡುಮಾತಲ್ಲೇ ಹೇಳಲೋ? ನನಗೆ ಎರಡನೆಯದೇ ಸರಿ ಅನಿಸುತ್ತೆ, ಮಕ್ಕಳು ಮುಖ ನೋಡಿ ಕೇಳ್ತಾರೆ.

ಮೈಕಿನದ್ದೂ ಹೇಳಿ. ಬಯಲಲ್ಲಿ ದನಿ ಮಾರ್ದನಿಯಾಗುತ್ತೆ, ಎಷ್ಟು ದೂರ ಹಿಡಿದರೆ ಸ್ಪಷ್ಟ? ಶಾಲಾ ಕಾರ್ಯಕ್ರಮಗಳಲ್ಲಿ ಮಾತಾಡಿ ಅನುಭವ ಇರುವ ಮೇಷ್ಟ್ರುಗಳು, ಅಕ್ಕಂದಿರು ದಯವಿಟ್ಟು ಬರೆಯಿರಿ. ಕರಡು ಸಿದ್ಧ ಇದೆ, ಓದಿ ತಿದ್ದುವವರಿದ್ದರೆ ಇಲ್ಲೇ ಹಾಕ್ತೀನಿ.