ಸಹಾಯ ಬೇಕು: ಇಬ್ಬರು ಪುಟ್ಟ ಮಕ್ಕಳು, ಎರಡೇ ಬ್ಯಾಗು, ಹೇಗೆ ತುಂಬಲಿ?

ಎಲ್ಲರಿಗೂ ನಮಸ್ಕಾರ. ನಾವು ಮಡಿಕೇರಿಯವರು. ದೀಪಾವಳಿ ಕಳೆದ ಮೇಲೆ 4 ದಿನ ಹಂಪಿಗೆ ಹೊರಟಿದ್ದೇವೆ. ಮಗಳಿಗೆ 4 ವರ್ಷ, ಮಗನಿಗೆ ಒಂದೂವರೆ. ಕೊಡಗಿಗೆ ರೈಲಿಲ್ಲ ಅಲ್ವಾ, ಮೈಸೂರಿನವರೆಗೆ ಸುಮಾರು 120 ಕಿಲೋಮೀಟರ್ ಬಸ್ಸು. ಅಲ್ಲಿಂದ ಹೊಸಪೇಟೆಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪ್ರಯಾಣ. ಇಬ್ಬರನ್ನೂ ಎತ್ತಿಕೊಂಡು ಹತ್ತಿ ಇಳಿಯಬೇಕು, ಎರಡು ಬ್ಯಾಗಿಗಿಂತ ಜಾಸ್ತಿ ಆಗುವುದಿಲ್ಲ.

ಕಳೆದ ಸಲ ಸುಂಟಿಕೊಪ್ಪ ದಾಟುವ ಮೊದಲೇ, ಆ ತಿರುವುಗಳಲ್ಲಿ ಮಗಳು ವಾಂತಿ ಮಾಡಿಕೊಂಡಳು. ಬದಲಿ ಬಟ್ಟೆ ಇದ್ದದ್ದು ಬಸ್ಸಿನ ಡಿಕ್ಕಿಯಲ್ಲಿ, ದೊಡ್ಡ ಬ್ಯಾಗಿನ ತಳದಲ್ಲಿ. ಪಾಪ, ಒದ್ದೆ ಫ್ರಾಕಿನ ಮೇಲೆ ನನ್ನ ಶಾಲು ಸುತ್ತಿಕೊಂಡು ಮೈಸೂರಿನವರೆಗೂ ನಡುಗುತ್ತಾ ಕೂತಿದ್ದಳು. ಅದು ಇನ್ನೊಮ್ಮೆ ಆಗಬಾರದು. ಈ ಸಲ ಒಬ್ಬೊಬ್ಬರ ಒಂದು ಜೊತೆ ಬಟ್ಟೆ, ಟವೆಲ್, ಖಾಲಿ ಪ್ಲಾಸ್ಟಿಕ್ ಕವರ್ ಕೈಚೀಲದಲ್ಲೇ ಇಡುತ್ತೇನೆ.

ದೊಡ್ಡ ತೊಂದರೆ ಸ್ವೆಟರ್‌ನದ್ದು. ಬೆಳಿಗ್ಗೆ ಇಲ್ಲಿಂದ ಹೊರಡುವಾಗ ಸ್ವೆಟರ್, ಟೋಪಿ ಬೇಕೇ ಬೇಕು. ಹಂಪಿಯಲ್ಲಿ ಮಧ್ಯಾಹ್ನ ಬಂಡೆ ಕಾದಿರುತ್ತದೆ, ತೆಳು ಹತ್ತಿ ಬಟ್ಟೆಯೇ ಸರಿ. ಸ್ವೆಟರ್‌ಗಳೇ ಅರ್ಧ ಬ್ಯಾಗು ತಿನ್ನುತ್ತವೆ! ಸುರುಳಿ ಸುತ್ತಿಟ್ಟರೆ ನಿಜವಾಗಿ ಜಾಗ ಉಳಿಯುತ್ತದಾ?

4 ದಿನಕ್ಕೆ ಮಕ್ಕಳಿಗೆ ಎಷ್ಟು ಜೊತೆ ಸಾಕು? ಡೈಪರ್ ಪೂರ್ತಿ ಇಲ್ಲಿಂದಲೇ ಒಯ್ಯಬೇಕಾ, ಹೊಸಪೇಟೆಯಲ್ಲೇ ಕೊಳ್ಳಲಾ? ಮಗನ ರಾಗಿ ಸರಿ ಹಿಟ್ಟನ್ನು ಹುರಿದು ಸ್ಟೀಲ್ ಡಬ್ಬಿಯಲ್ಲಿ ಒಯ್ಯುತ್ತೇನೆ. ರೈಲಿನಲ್ಲಿ ಅದನ್ನು ಫ್ಲಾಸ್ಕಿನ ಬಿಸಿನೀರಲ್ಲಿ ಕಲಸಿ ಕೊಟ್ಟವರು ಯಾರಾದರೂ ಇದ್ದೀರಾ?

ಚಿಕ್ಕ ಮಕ್ಕಳ ಜೊತೆ ಬಸ್ಸು, ರೈಲಿನಲ್ಲಿ ಓಡಾಡಿದವರು ದಯವಿಟ್ಟು ತಿಳಿಸಿ. ಶುಕ್ರವಾರ ಬ್ಯಾಗು ತುಂಬಲು ಕೂರುತ್ತೇನೆ.