ಗುರಿ ಸಾಧನೆ ಶೇಕಡಾ: ಸಾಲುಗಳೆಲ್ಲ ಸರಿ, ಟೋಟಲ್ ಮಾತ್ರ ತಪ್ಪು

ಕೋಷ್ಟಕಪ್ರಿಯೆ:
ಪವರ್ ಬಿಐನಲ್ಲಿ (ಮೈಕ್ರೋಸಾಫ್ಟ್‌ನ ವರದಿ ತಯಾರಿಸುವ ತಂತ್ರಾಂಶ) ಗುರಿ ಸಾಧನೆಯ ಕೆಪಿಐ, ಅಂದರೆ ಸಾಧನೆ ಅಳೆಯುವ ಸೂಚಕ, ಮಾಡಿದ್ದೇನೆ. ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ಪ್ರತಿ ವಲಯದ ಸಾಲೂ ಸರಿ ಇದೆ, ಕೈಯಲ್ಲೇ ಲೆಕ್ಕ ಹಾಕಿ ನೋಡಿದ್ದೇನೆ. ಆದರೆ ಕೆಳಗಿನ ಟೋಟಲ್‌ನಲ್ಲಿ 95% ಬರುತ್ತಿದೆ. ಎಕ್ಸೆಲ್‌ನಲ್ಲಿ 87%. ಸೂತ್ರ ತುಂಬಾ ಸರಳ, ಮಾರಾಟವನ್ನು ಗುರಿಯಿಂದ ಭಾಗಿಸಿದ್ದೇನೆ, ಅಷ್ಟೆ. ನಾಳೆ ಮೀಟಿಂಗ್ ಇದೆ. ದಯವಿಟ್ಟು ಯಾರಾದರೂ ಹೇಳಿ.

ಡ್ಯಾಕ್ಸ್‌ಮಿತ್ರ:
ಡೇಟ್ ಟೇಬಲ್, ಅಂದರೆ ದಿನಾಂಕಗಳ ಕೋಷ್ಟಕ ನೋಡಿ. ನನಗೆ ಇಂಥದ್ದು ಬಂದಾಗಲೆಲ್ಲ ಅದೇ ಕಾರಣ. 'ಮಾರ್ಕ್ ಆಸ್ ಡೇಟ್ ಟೇಬಲ್' ಮಾಡಿದ್ದೀರಾ? ಆಟೋ ಡೇಟ್‌ಟೈಮ್ ಆಫ್ ಇದೆಯಾ?

ಕೋಷ್ಟಕಪ್ರಿಯೆ:
ಎರಡೂ ಮಾಡಿದೆ. ಈಗಲೂ 95.

ಡ್ಯಾಕ್ಸ್‌ಮಿತ್ರ:
ನಡುವೆ ಒಂದು ದಿನ ಬಿಟ್ಟುಹೋಗಿದ್ದರೂ ತೊಂದರೆ. ಜನವರಿ 1ರಿಂದ ಡಿಸೆಂಬರ್ 31ರವರೆಗೆ ಎಲ್ಲ ದಿನವೂ ಇದೆಯಾ? ಮಾರಾಟದ ಟೇಬಲ್ ಜೊತೆ ಅದರ ರಿಲೇಶನ್‌ಶಿಪ್ ಒನ್ ಟು ಮೆನಿ (ಒಂದು ದಿನಕ್ಕೆ ಹಲವು ಸಾಲು) ತಾನೆ?

ಕೋಷ್ಟಕಪ್ರಿಯೆ:
ಎಲ್ಲ ಇದೆ ಸರ್. ಟೈಮ್ ಇಂಟೆಲಿಜೆನ್ಸ್ ಫಂಕ್ಷನ್ (ದಿನಾಂಕ ಆಧರಿಸಿ ಅವಧಿಗಳ ಲೆಕ್ಕ ಹಾಕುವ ಸೂತ್ರ) ಒಂದನ್ನೂ ನಾನು ಬಳಸಿಯೇ ಇಲ್ಲ.

ಸ್ಕೀಮಾಪ್ರೇಮಿ:
ಭಾಗಿಸೋಕೆ ಸ್ಲ್ಯಾಶ್ (/) ಹಾಕಿದ್ದೀರಾ, ಡಿವೈಡ್ ಫಂಕ್ಷನ್ ಹಾಕಿದ್ದೀರಾ? ಯಾವಾಗಲೂ ಡಿವೈಡ್ ಹಾಕಬೇಕು.

ಹಳೇಲೆಕ್ಕಿಗ:
ಯಾವಾಗಲೂ ಅಂತ ಹೇಳಬೇಡಿ. ಛೇದ ಸ್ಥಿರ ಸಂಖ್ಯೆಯಾದರೆ ಸ್ಲ್ಯಾಶೇ ಸಾಕು, ವೇಗವೂ ಜಾಸ್ತಿ. ಸೊನ್ನೆಯೋ ಖಾಲಿಯೋ ಬರುವ ಹಾಗಿದ್ದರೆ ಮಾತ್ರ ಡಿವೈಡ್.

ಸ್ಕೀಮಾಪ್ರೇಮಿ:
ಇಲ್ಲಿ ಛೇದ ಗುರಿಯ ಕಾಲಂ ಅಲ್ವಾ? ಒಂದು ವಲಯಕ್ಕೆ ಗುರಿ ತುಂಬದೆ ಬಿಟ್ಟರೆ ಇನ್ಫಿನಿಟಿ ಅಂತ ಬರುತ್ತೆ. ಸೂತ್ರಗಳನ್ನು ತಿದ್ದುವ ನನ್ನ ಟ್ಯಾಬ್ಯುಲರ್ ಎಡಿಟರ್‌ನಲ್ಲಿ ಅವುಗಳನ್ನು ಪರೀಕ್ಷಿಸುವ ಬೆಸ್ಟ್ ಪ್ರಾಕ್ಟೀಸ್ ಅನಲೈಸರ್ ಇದೆ, ಸ್ಲ್ಯಾಶ್ ಕಂಡರೆ ಎಚ್ಚರಿಸುತ್ತೆ.

ಹಳೇಲೆಕ್ಕಿಗ:
ಅದಿರಲಿ. ಮೇಡಂ, ಸಾಲುಗಳ ಅಂಕಿ ಇಲ್ಲಿ ಹಾಕಿ. ಇನ್ನೊಂದು ವಿಷಯ, ಫೀಲ್ಡ್ ಪಟ್ಟಿಯಲ್ಲಿ ಆ ಶೇಕಡಾದ ಹೆಸರಿನ ಪಕ್ಕ ಕ್ಯಾಲ್ಕ್ಯುಲೇಟರ್ ಚಿತ್ರ ಇದೆಯಾ? ಇದ್ದರೆ ಅದು ಮೆಷರ್ (ತೋರಿಸುವಾಗಲೇ ಲೆಕ್ಕ ಹಾಕುವ ಸೂತ್ರ), ಇಲ್ಲದಿದ್ದರೆ ಕಾಲಂ.

ಕೋಷ್ಟಕಪ್ರಿಯೆ:
ಉತ್ತರ: ಗುರಿ 1,000, ಮಾರಾಟ 1,200, ಅಂದರೆ 120%.
ದಕ್ಷಿಣ: ಗುರಿ 4,000, ಮಾರಾಟ 3,000, 75%.
ಪೂರ್ವ: ಗುರಿ 5,000, ಮಾರಾಟ 4,500, 90%.
ಕ್ಯಾಲ್ಕ್ಯುಲೇಟರ್ ಚಿತ್ರ ಇಲ್ಲ. ವಲಯದ ಟೇಬಲ್‌ನಲ್ಲಿ 'ನ್ಯೂ ಕಾಲಂ' ಒತ್ತಿ ಮಾಡಿದ್ದು. ಮೊದಲು ಟೋಟಲ್ 285% ಬಂತು, ಅದಕ್ಕೆ ಸಮ್ ತೆಗೆದು ಆವರೇಜ್ ಮಾಡಿದೆ. ಇದನ್ನೂ ಹೇಳಬೇಕಿತ್ತಾ?

ಹಳೇಲೆಕ್ಕಿಗ:
ಹೌದು, ಎಲ್ಲ ಇರುವುದೇ ಅದರಲ್ಲಿ. 120, 75, 90 ಕೂಡಿಸಿ ಮೂರರಿಂದ ಭಾಗಿಸಿ, 95. ಶೇಕಡಾಗಳ ಸರಾಸರಿಯಲ್ಲಿ 1,000ದ ಗುರಿಗೂ 5,000ದ ಗುರಿಗೂ ಒಂದೇ ತೂಕ. ನಿಮಗೆ ಬೇಕಿರುವುದು ಒಟ್ಟು ಮಾರಾಟ 8,700, ಒಟ್ಟು ಗುರಿ 10,000, ಅಂದರೆ 87%.

ಕಾಲಂನ ಲೆಕ್ಕ ಡೇಟಾ ರಿಫ್ರೆಶ್ ಆದಾಗ ನಡೆದು ಅಲ್ಲೇ ಕೂತುಬಿಡುತ್ತೆ. ತಿಂಗಳ ಸ್ಲೈಸರ್ (ಪುಟದ ಮೇಲಿನ ಆಯ್ಕೆ ಪಟ್ಟಿ) ಬದಲಿಸಿ ನೋಡಿ, 95 ಅಲುಗುವುದಿಲ್ಲ. ಕಾಲಂ ಅಳಿಸಿ 'ನ್ಯೂ ಮೆಷರ್' ಒತ್ತಿ. ಮಾರಾಟದ ಸಮ್, ಗುರಿಯ ಸಮ್, ಇವೆರಡನ್ನೂ ಡಿವೈಡ್ ಒಳಗೆ ಕೊಡಿ. ಟೋಟಲ್ ಸಾಲಿನಲ್ಲಿ ಮೆಷರ್ ಮೇಲಿನ ಸಾಲುಗಳನ್ನು ಕೂಡಿಸುವುದಿಲ್ಲ, ಎಲ್ಲ ವಲಯಗಳನ್ನೂ ಒಟ್ಟಿಗೆ ಹಿಡಿದು ಹೊಸದಾಗಿ ಲೆಕ್ಕ ಮಾಡುತ್ತೆ.

ಕೋಷ್ಟಕಪ್ರಿಯೆ:
ಮ್ಯಾಟ್ರಿಕ್ಸ್ ಕೋಷ್ಟಕದಲ್ಲಿ 87 ಬಂತು! ತುಂಬಾ ಧನ್ಯವಾದ. ಆದರೆ ಅದೇ ಮೆಷರ್ ಕೆಪಿಐ ವಿಷುವಲ್‌ಗೆ (ಸೂಚಕ ತೋರಿಸುವ ಚಿತ್ರಕ್ಕೆ) ಹಾಕಿದರೆ 41% ಅಂತ ಕೆಂಪಗೆ ತೋರಿಸುತ್ತಿದೆ. ಇದೇನು?

ಡ್ಯಾಕ್ಸ್‌ಮಿತ್ರ:
ನಾನು ಹೇಳಿದೆನಲ್ಲ, ಡೇಟ್ ಟೇಬಲ್.

ಹಳೇಲೆಕ್ಕಿಗ:
ಅಲ್ಲ. ಆ ವಿಷುವಲ್‌ನ ಟ್ರೆಂಡ್ ಆಕ್ಸಿಸ್‌ಗೆ (ಏರಿಳಿತ ತೋರಿಸುವ ಅಕ್ಷಕ್ಕೆ) ತಿಂಗಳು ಹಾಕಿರುತ್ತೀರಿ. ಕೆಪಿಐ ವಿಷುವಲ್ ದೊಡ್ಡ ಅಕ್ಷರದಲ್ಲಿ ತೋರಿಸುವುದು ಕೊನೆಯ ತಿಂಗಳ ಅಂಕಿಯನ್ನು, ಒಟ್ಟನ್ನಲ್ಲ. ಈ ತಿಂಗಳು ಇನ್ನೂ ಮುಗಿದಿಲ್ಲ, ಗುರಿ ಮಾತ್ರ ಇಡೀ ತಿಂಗಳದ್ದು. ಒಟ್ಟು ಬೇಕಾದರೆ ಬರೀ ಅಂಕಿ ತೋರಿಸುವ ಕಾರ್ಡ್ ವಿಷುವಲ್ ಬಳಸಿ. ನಿಮ್ಮ ಎಕ್ಸೆಲ್‌ನ 87ರಲ್ಲೂ ಈ ತಿಂಗಳ ಪೂರ್ತಿ ಗುರಿ ಸೇರಿದೆಯಾ ಅಂತ ಒಮ್ಮೆ ನೋಡಿ.

ಡ್ಯಾಕ್ಸ್‌ಮಿತ್ರ:
ಹಾಗಿದ್ದರೆ ಡೇಟ್ ಟೇಬಲ್‌ನಲ್ಲಿ 'ಮುಗಿದ ತಿಂಗಳು' ಅಂತ ಒಂದು ಕಾಲಂ ಸೇರಿಸಿ, ಪುಟಕ್ಕೆ ಅದರ ಫಿಲ್ಟರ್ ಹಾಕಿ.

ಕೋಷ್ಟಕಪ್ರಿಯೆ:
ಹಾಕಿದೆ. ಎಕ್ಸೆಲ್‌ನಲ್ಲೂ ಈ ತಿಂಗಳ 2,000 ಪೂರ್ತಿ ಸೇರಿತ್ತು, ಮಾರಾಟ ಬರೀ 820. ಮುಗಿದ ನಾಲ್ಕು ತಿಂಗಳಿಗೆ ಗುರಿ 8,000, ಮಾರಾಟ 7,880, ಅಂದರೆ 98.5%. ಮೂರು ದಿನ ನಾನು 87ನ್ನೇ ಸರಿ ಅಂದುಕೊಂಡು ಅದಕ್ಕೆ ಹೊಂದಿಸಲು ಒದ್ದಾಡಿದೆ. ನಾಳೆ 98.5 ತೋರಿಸಿ, ನಡೆಯುತ್ತಿರುವ ತಿಂಗಳನ್ನು ಪಕ್ಕದಲ್ಲಿ ಬೇರೆಯಾಗಿ ಇಡುತ್ತೇನೆ. ಆ ತಿಂಗಳ ಗುರಿಯನ್ನು ದಿನಕ್ಕೆ ಹಂಚುವಾಗ ರಜೆಗಳನ್ನು ಬಿಡಬೇಕಾ?

ಸ್ಕೀಮಾಪ್ರೇಮಿ:
ಖಂಡಿತ ಬಿಡಬೇಕು.

ಹಳೇಲೆಕ್ಕಿಗ:
ರಜೆಯಲ್ಲೂ ಮಾರಾಟ ನಡೆಯುತ್ತಾ ಅಂತ ಮೊದಲು ಹೇಳಿ ಮೇಡಂ.